ಕ್ರೀಡಾ ಶುಲ್ಕ ತಗೊಂಡು ತೂಕದ ಮಷಿನ್ ಮೇಲೆ ನಿಲ್ಲಿಸ್ತೀರಾ?

ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ಕುಸ್ತಿ ಕಲಿಸೋ ನಾನು ನಮ್ಮ ಮಕ್ಕಳಿಗೆ ದುಡ್ಡು ಕೇಳೋಕೆ ಕಾಲೇಜಿನ ಕಮಿಟಿ ಮೀಟಿಂಗಿಗೆ ಹೋದರೆ, ಕುಸ್ತಿ ಅಂದರೆ "100 ಗ್ರಾಂ ಆಟ" ಅಂತ ನಕ್ಕರಲ್ಲ, ಅದು. ಒಬ್ಬರು ನಕ್ಕಿದ್ದರೆ ಬಿಡಬಹುದಿತ್ತು. ಇಬ್ಬರು ಮೇಡಂ ಬಿಟ್ಟು ಟೇಬಲ್ ಸುತ್ತ ಕೂತವರೆಲ್ಲ ನಕ್ಕರು. ಚಹಾ ತಂದಿದ್ದ ಹುಡುಗನೂ ನಕ್ಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರು ನಕ್ಕಾಗ ಅವನು ನಗದೆ ಏನು ಮಾಡ್ತಾನೆ? ಓದಿದವರು, ನಾಲ್ಕು ಜನರಿಗೆ ಬುದ್ಧಿ ಹೇಳೋರು ನಕ್ಕರಲ್ಲ, ಸಿಟ್ಟು ಅವರ ಮೇಲೆ.

ನಾನು ಕೇಳಿದ್ದಾದರೂ ಏನು? ಐದು ಮಕ್ಕಳ ಬಸ್ ಚಾರ್ಜು, ಎರಡು ದಿನದ ಊಟ, ರಾತ್ರಿ ಮಲಗೋಕೆ ಎರಡು ರೂಮು. ಜೊತೆಗೆ ಮ್ಯಾಟಿನ ಹೊಸ ಕವರಿಗೆ ಒಂದು ಕೊಟೇಶನ್ ಇಟ್ಟಿದ್ದೆ. ಅಂತರ ಕಾಲೇಜು ಕುಸ್ತಿ ಹತ್ತಿರ ಬಂತು. ಅಲ್ಲಿ ಗೆದ್ದರೆ ತಾನೇ ಯೂನಿವರ್ಸಿಟಿ ತಂಡ, ಆಮೇಲೆ ಅಖಿಲ ಭಾರತ ಟೂರ್ನಿ? ಅದಕ್ಕೆ ಆ ಕಮಿಟಿ ಮೆಂಬರ್ ಹೇಳಿದ ಮೊದಲ ಮಾತು: "ಹುಡುಗ್ಯಾರಿಗೆ ಬಸ್ ಫ್ರೀ ಐತಲ್ರೀ. ಟಿಕೆಟಿನ ರೊಕ್ಕ ಯಾಕ ಬರದೀರಿ?"

ಶಕ್ತಿ ಯೋಜನೆ ಸರ್ಕಾರದ್ದು. ಅದರಿಂದ ಉಳಿಯೋ ದುಡ್ಡಿನಲ್ಲಿ ಆ ಹುಡುಗಿಯರಿಗೆ ಎರಡು ಮೊಟ್ಟೆ ಜಾಸ್ತಿ ಕೊಡೋಣ ಅಂತ ಯಾರ ಬಾಯಿಂದಲೂ ಬರಲಿಲ್ಲ.

ಹೋಗಲಿ. ದುಡ್ಡು ಕೊಡದೇ ಇರೋದು ಹೊಸದೇನಲ್ಲ. ಕುಸ್ತಿ ಆಡಿದವನಿಗೆ ಇದೆಲ್ಲ ಅಭ್ಯಾಸ. ಆದರೆ ಆ ಐವರಲ್ಲಿ ಒಬ್ಬ ಹುಡುಗಿಯನ್ನು ಒಳಗೆ ಕರೆಸಿದ್ದು ಯಾಕೆ?

ಅವಳದು 53 ಕೆ.ಜಿ. ವಿಭಾಗ. ಕರೀತಿದ್ದಾರೆ ಅಂದಾಗ ನಾನು ಶಹಬ್ಬಾಸ್ ಅನ್ನೋಕೆ ಇರಬೇಕು ಅಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು, ಜಾಕೆಟ್ಟಿನ ಜಿಪ್ ಏರಿಸಿಕೊಂಡು, ಕೂದಲು ಸರಿ ಮಾಡಿಕೊಂಡು ಬಂದಳು. ಆಗ ಆ ಮನುಷ್ಯ ಶುರು ಮಾಡಿದರು. "ಆ ವಿನೇಶ್ ಫೋಗಟ್ ಅಷ್ಟು ದೊಡ್ಡ ಪೈಲ್ವಾನಿ, ಆಕಿಗೇ ತೂಕ ಇಳಸಾಕ ಆಗಲಿಲ್ಲ. ನಾವು ಖರ್ಚು ಮಾಡಿ ಕಳಸೋದು, ಇಕಿ ಅಲ್ಲಿ 100 ಗ್ರಾಂ ಜಾಸ್ತಿ ಆಗೋದು, ಹೊಳ್ಳಿ ಬರೋದು. ಮಷಿನ್ ತರಸ್ರಿ, ಈಗ ನೋಡೇ ಬಿಡೋಣು."

ಅಟೆಂಡರ್ ಜಿಮ್ಮಿನಿಂದ ಮಷಿನ್ ತಂದು ಕಾರ್ಪೆಟ್ ಮೇಲೆ ಇಟ್ಟ. ಕಾರ್ಪೆಟ್ ಮೇಲೆ ಇಟ್ಟರೆ ಡಿಜಿಟಲ್ ಮಷಿನ್ ತಪ್ಪು ತೋರಿಸುತ್ತೆ ಸರ್, ಅಂದೆ. ಕೇಳಲಿಲ್ಲ. ಅವಳು ಈಗ ತಾನೇ ರೊಟ್ಟಿ ತಿಂದು ಬಂದಿದ್ದಾಳೆ, ಟ್ರ್ಯಾಕ್ ಸೂಟಿನಲ್ಲಿದ್ದಾಳೆ, ತೂಕ ನೋಡೋದು ಹೀಗಲ್ಲ, ಅಂದೆ. "ನೀವು ಕೂಡ್ರಿ" ಅಂದರು. ಕೂರಲಿಲ್ಲ ನಾನು. ಹುಡುಗಿ ನನ್ನ ಮುಖ ನೋಡಿದಳು. ಬೇಡ ಅಂತ ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಇನ್ನೊಬ್ಬರು "ಹತ್ತವಾ, ಹತ್ತು, ಏನೂ ಆಗೂದಿಲ್ಲ" ಅಂದರು. ಅವಳು ಚಪ್ಪಲಿ ಬಿಚ್ಚಿ ಬದಿಗಿಟ್ಟು ಹತ್ತಿದಳು. ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇತ್ತು. ಅಂಕಿ ಮೇಲೆ ಕೆಳಗೆ ಓಡಾಡಿ ನಿಂತಿತು. 55.3.

"ಎರಡು ಕಿಲೋ ಮ್ಯಾಲ!" ಅಂತ ಒಬ್ಬರು ಕೂಗಿದರು. ಆಗ ಬಂತು ಆ ನಗು. ಬಾಗಿಲಲ್ಲಿ ಅಡ್ಮಿಷನ್ ಕ್ಲರ್ಕುಗಳು ಬಂದು ನಿಂತಿದ್ದರು, ಅವರೂ ಬಗ್ಗಿ ನೋಡಿದರು. ಅವಳು ಇಳಿದಳು. ಅಳಲಿಲ್ಲ. "ಇಳಸ್ತೀನ್ರಿ ಸರ" ಅಂದಳು. ಏನೋ ತಪ್ಪು ಮಾಡಿದವಳ ಹಾಗೆ.

ಏನು ತಪ್ಪು ಮಾಡಿದ್ದಾಳೆ ಅವಳು? ಪಂದ್ಯಕ್ಕೆ ಇನ್ನೂ ದಿನ ಇದೆ. 53ರ ಪೈಲ್ವಾನಿ ತಾಲೀಮಿನ ದಿನಗಳಲ್ಲಿ 55ರ ಹತ್ತಿರ ಇರೋದು ಸಹಜ. ಕೊನೆಯ ವಾರ ಊಟ, ನೀರು ಲೆಕ್ಕ ಹಾಕಿಕೊಂಡು ಇಳಿಸ್ತಾರೆ. ಪಂದ್ಯದ ದಿನ ಬೆಳಿಗ್ಗೆ ಸಿಂಗ್ಲೆಟ್, ಅಂದರೆ ಮೈಗಂಟಿದ ಕುಸ್ತಿ ಉಡುಪು, ಹಾಕಿಕೊಂಡು ಮಷಿನ್ ಹತ್ತಬೇಕು. ಹುಡುಗಿಯರ ತೂಕ ಹೆಂಗಸರು ನೋಡಬೇಕು. ಮಧ್ಯಾಹ್ನ ಹನ್ನೆರಡೂವರೆಗೆ, ಗಂಡಸರು ತುಂಬಿದ ಛೇಂಬರಿನಲ್ಲಿ, ಬಿಸ್ಕತ್ತಿನ ತಟ್ಟೆ ಪಕ್ಕದಲ್ಲಿ ಇಟ್ಟುಕೊಂಡು ನೋಡೋದಲ್ಲ.

ಮತ್ತೆ ಆ 100 ಗ್ರಾಂ. ಅದು ಏನು ಅಂತ ಗೊತ್ತಾ ಇವರಿಗೆ? 2024ರ ಆಗಸ್ಟ್ 6, ಪ್ಯಾರಿಸ್ ಒಲಿಂಪಿಕ್ಸ್. ವಿನೇಶ್‌ಗೆ ಒಂದೇ ದಿನ ಮೂರು ಕುಸ್ತಿ. ಮೊದಲನೆಯದೇ ಜಪಾನಿನ ಯುಯಿ ಸುಸಾಕಿ ಜೊತೆ. ಟೋಕಿಯೋದಲ್ಲಿ ಚಿನ್ನ ಗೆದ್ದವಳು, ವಿದೇಶಿ ಪೈಲ್ವಾನರ ಎದುರು ಅಲ್ಲಿಯವರೆಗೆ ಒಂದೂ ಕುಸ್ತಿ ಸೋಲದವಳು. ಅಂಥವಳನ್ನು ವಿನೇಶ್ ಕೊನೆಯ ಸೆಕೆಂಡುಗಳಲ್ಲಿ ಕೆಡವಿ 3-2ರಿಂದ ಗೆದ್ದರು. ಅವತ್ತು ಬೆಳಿಗ್ಗೆ ತೂಕ ಸರಿಯಾಗಿಯೇ ಇತ್ತು. ಮೂರು ಕುಸ್ತಿ ಆಡೋಕೆ ಮೈಗೆ ಅನ್ನ ನೀರು ಬೇಡವಾ? ತಿಂದಿದ್ದನ್ನು ಇಳಿಸೋಕೆ ರಾತ್ರಿಯಿಡೀ ನಿದ್ದೆಗೆಟ್ಟು ಬೆವರು ಹರಿಸಿದರು. ಕೂದಲೂ ಕತ್ತರಿಸಿಕೊಂಡರು. ಆದರೂ ಮಾರನೇ ದಿನ 50 ಕೆ.ಜಿ.ಗಿಂತ 100 ಗ್ರಾಂ ಜಾಸ್ತಿ ಬಂತು. ಎರಡನೇ ದಿನ ತೂಕ ತಪ್ಪಿದರೆ ಮೊದಲನೇ ದಿನ ಗೆದ್ದದ್ದೂ ಹೋಯ್ತು, ಪಟ್ಟಿಯಲ್ಲಿ ಕೊನೆಯ ಜಾಗ. ಅದು ನಿಯಮ. ನಿಯಮ ನಿಯಮವೇ, ನಾನು ಮಕ್ಕಳಿಗೂ ಅದನ್ನೇ ಹೇಳ್ತೀನಿ. ಆದರೆ ಅದು ನಗೋ ವಿಷಯವಾ?

ಅದಕ್ಕೂ ಹಿಂದಿನ ವರ್ಷ, 2023ರ ಮೇ 28ಕ್ಕೆ, ಅದೇ ವಿನೇಶ್‌ರನ್ನು ದೆಹಲಿಯ ರಸ್ತೆಯಲ್ಲಿ ಪೊಲೀಸರು ಎಳೆದುಕೊಂಡು ಹೋಗಿದ್ದರು. ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟು ಜಂತರ್ ಮಂತರ್‌ನಲ್ಲಿ ಕೂತವರು ಹೊಸ ಸಂಸತ್ ಭವನದ ಕಡೆ ಮೆರವಣಿಗೆ ಹೊರಟಿದ್ದಕ್ಕೆ. ಡಿಸೆಂಬರ್ 21ಕ್ಕೆ, ಅದೇ ಅಧ್ಯಕ್ಷರ ಆಪ್ತರು ಫೆಡರೇಷನ್ ಚುನಾವಣೆ ಗೆದ್ದಾಗ, ಸಾಕ್ಷಿ ಮಲಿಕ್ ಕುಸ್ತಿಯೇ ಬಿಡ್ತೀನಿ ಅಂತ ಬೂಟು ಟೇಬಲ್ ಮೇಲಿಟ್ಟು ಅಳುತ್ತಾ ಎದ್ದು ಹೋದರು. ರಿಯೋದಲ್ಲಿ ಕಂಚು ತಂದ ಹೆಣ್ಣುಮಗಳು! ನಮ್ಮ ಹುಡುಗಿಯರು ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದಾರೆ. ನೋಡಿಯೂ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ತಾಲೀಮಿಗೆ ಬಂದಿದ್ದಾರೆ. ಅವರ ಅಪ್ಪ ಅಮ್ಮ ಕಳಿಸಿದ್ದಾರೆ. ಅಂಥ ಮನೆಗಳಿಗೆ ನಾವು ಏನು ಉತ್ತರ ಕೊಡಬೇಕು? ಇಲ್ಲಿ ಹಾಗೇನೂ ಆಗಲ್ಲ, ನಮ್ಮ ಕಾಲೇಜು ಅಂತ ನಾನೇ ಹೋಗಿ ಹೇಳಿ ಬಂದಿದ್ದೆ.

ಆ ಮೆಂಬರ್ ಅಷ್ಟಕ್ಕೇ ಬಿಡಲಿಲ್ಲ. "ಒಲಿಂಪಿಕ್ಸ್‌ನವರೇ ತೆಗದು ಹಾಕಾಕ ಹತ್ತಿದ್ದ ಆಟ ಇದು" ಅಂದರು. ಸುಳ್ಳಲ್ಲ ಅದು. 2013ರ ಫೆಬ್ರವರಿ 12ಕ್ಕೆ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರಿಂದ ಕುಸ್ತಿ ಬೇಡ ಅಂತ ಹೇಳಿತು. ಮಾಡರ್ನ್ ಪೆಂಟಾಥ್ಲಾನ್ ಅನ್ನೋ ಐದು ಆಟ ಸೇರಿದ ಸ್ಪರ್ಧೆ ಉಳೀತು. ಕಾರಣ ಏನೇ ಇರಲಿ, ಆ ಆಟದ ಅಂತರರಾಷ್ಟ್ರೀಯ ಸಂಸ್ಥೆಯ ಉಪಾಧ್ಯಕ್ಷರು ಅದೇ ಮಂಡಳಿಯಲ್ಲಿ ಕೂತಿದ್ದರು. ಕುಸ್ತಿಯ ಪರ ಮಾತಾಡೋಕೆ ಅಲ್ಲಿ ಯಾರೂ ಇರಲಿಲ್ಲ. ಇಷ್ಟೇ ವಿಷಯ. ಟೇಬಲ್ಲಿನಲ್ಲಿ ಯಾರು ಕೂತಿರ್ತಾರೋ ಅವರ ಆಟ ಉಳಿಯುತ್ತೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡದ ಅಮೆರಿಕ, ಇರಾನ್, ರಷ್ಯಾ ಕುಸ್ತಿಗೋಸ್ಕರ ಒಟ್ಟಿಗೆ ನಿಂತವು. ಅಂತರರಾಷ್ಟ್ರೀಯ ಕುಸ್ತಿ ಸಂಸ್ಥೆಯ ಅಧ್ಯಕ್ಷ ರಾಜೀನಾಮೆ ಕೊಟ್ಟ, ನಿಯಮ ಬದಲಾಯ್ತು, ಹೆಂಗಸರ ವಿಭಾಗ ನಾಲ್ಕರಿಂದ ಆರಾಯ್ತು. ಸೆಪ್ಟೆಂಬರ್ 8ಕ್ಕೆ 49 ವೋಟು ಬಿದ್ದು ಕುಸ್ತಿ ವಾಪಸ್ ಬಂತು. ತೆಗೆಯೋಕೆ ಹೊರಟಿದ್ದರು ಅನ್ನೋದು ಇವರಿಗೆ ನೆನಪಿದೆ, ವಾಪಸ್ ಬಂದದ್ದು ಮಾತ್ರ ನೆನಪಿಲ್ಲ.

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಪಟ್ಟಿಯಲ್ಲೂ ಕುಸ್ತಿ ಇಲ್ಲ. ಖರ್ಚು ಜಾಸ್ತಿ ಅಂತ ಆಟಗಳನ್ನೇ ಹತ್ತಕ್ಕೆ ಇಳಿಸಿಬಿಟ್ಟರು. 2022ರಲ್ಲಿ ಬರ್ಮಿಂಗ್‌ಹ್ಯಾಮಿಗೆ ನಮ್ಮ 12 ಪೈಲ್ವಾನರು ಹೋಗಿದ್ದರು. 12 ಜನರೂ ಪದಕ ತಂದರು, ಅದರಲ್ಲಿ ಆರು ಚಿನ್ನ. ಹೋದವರೆಲ್ಲ ಪದಕ ತಂದ ಆಟವನ್ನೇ ತೆಗೆದರೆ ಏನು ಹೇಳಬೇಕು? ಎಲ್ಲಿ ದುಡ್ಡು ಕಡಿಮೆ ಬಿದ್ದರೂ ಮೊದಲು ಕತ್ತರಿ ಬೀಳೋದು ಕುಸ್ತಿಗೆ. ಅಮೆರಿಕದಲ್ಲೂ ಅಷ್ಟೇ. ಸ್ಟ್ಯಾನ್‌ಫರ್ಡ್ ಅಂಥ ಶ್ರೀಮಂತ ಯೂನಿವರ್ಸಿಟಿ 2020ರ ಜುಲೈನಲ್ಲಿ ದುಡ್ಡಿಲ್ಲ ಅಂತ 11 ಆಟ ನಿಲ್ಲಿಸ್ತೀವಿ ಅಂತು, ಅದರಲ್ಲಿ ಕುಸ್ತಿಯೂ ಒಂದು. ಅಲ್ಲಿನ ಶೇನ್ ಗ್ರಿಫಿತ್ ಅನ್ನೋ ಹುಡುಗ ಮುಂದಿನ ಮಾರ್ಚ್‌ನಲ್ಲಿ ಕಾಲೇಜಿನ ಹೆಸರೇ ಇಲ್ಲದ ಕಪ್ಪು ಸಿಂಗ್ಲೆಟ್ ಹಾಕಿಕೊಂಡು ರಾಷ್ಟ್ರೀಯ ಚಾಂಪಿಯನ್ ಆದ. ಎರಡು ತಿಂಗಳಲ್ಲಿ ಯೂನಿವರ್ಸಿಟಿ ತೀರ್ಮಾನ ವಾಪಸ್ ತಗೊಂಡಿತು. ಅಲ್ಲಿ ಹಳೆ ವಿದ್ಯಾರ್ಥಿಗಳು ಎದ್ದು ನಿಂತರು, ದುಡ್ಡು ಕೂಡಿಸಿದರು. ನಮ್ಮ ಕಾಲೇಜಿನ ಹಳೆ ಪೈಲ್ವಾನರು ಎಲ್ಲಿದ್ದೀರಿ? ಇದನ್ನು ಓದ್ತಿದ್ದರೆ ಒಂದು ಫೋನಾದರೂ ಮಾಡಿ.

ಸರಿ, ಕಾಲೇಜಿಗೂ ಕಷ್ಟ ಇದೆ, ಒಪ್ಪುತ್ತೀನಿ. ಅರ್ಧ ಪಾಠ ಅತಿಥಿ ಉಪನ್ಯಾಸಕರ ಮೇಲೆ ನಡೀತಿದೆ, ಅವರಿಗೇ ಸಂಬಳ ಸರಿಯಾಗಿ ಬರಲ್ಲ. ಲ್ಯಾಬಿನ ಸೂರು ಸೋರ್ತಿದೆ. ಅದರ ಮಧ್ಯೆ ಕುಸ್ತಿಗೆ ಎಲ್ಲಿಂದ ತರ್ತಾರೆ ಅಂತ ಎಷ್ಟೋ ಸಲ ನನಗೇ ಅನ್ನಿಸಿದೆ. ಅನ್ನಿಸಿ ಸುಮ್ಮನಾಗಿದ್ದೀನಿ. ಆದರೆ ಅದೇ ಮೀಟಿಂಗಿನಲ್ಲಿ ಕ್ರಿಕೆಟ್ ಟೂರ್ನಿಯ ಪೆಂಡಾಲು, ಧ್ವನಿವರ್ಧಕ, ಅತಿಥಿಗಳ ಶಾಲು ಹಾರ ಎಲ್ಲಕ್ಕೂ ಎರಡು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಯಾರೂ ಕೊಟೇಶನ್ ಕೇಳಲಿಲ್ಲ. ಯಾರನ್ನೂ ಮಷಿನ್ ಮೇಲೆ ನಿಲ್ಲಿಸಲಿಲ್ಲ.

ನಮ್ಮ ಮ್ಯಾಟ್ ಬಂದು ನೋಡಿ. ಪಂದ್ಯದ ಮ್ಯಾಟ್ 12 ಮೀಟರ್ ಉದ್ದ, 12 ಮೀಟರ್ ಅಗಲ ಇರಬೇಕು, ಮಧ್ಯೆ 9 ಮೀಟರಿನ ವೃತ್ತ. ನಮ್ಮಲ್ಲಿ ಇರೋದು ಅದರ ಅರ್ಧವೂ ಇಲ್ಲ. ಕವರ್ ನಾಲ್ಕು ಕಡೆ ಹರಿದು, ಪಾರ್ಸೆಲ್‌ಗೆ ಸುತ್ತೋ ಕಂದು ಟೇಪ್ ಅಂಟಿಸಿದ್ದೀವಿ. ಟೇಪಿನ ಅಂಚು ಎದ್ದು ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುತ್ತೆ. ಹೋದ ತಿಂಗಳು ಇದೇ ಹುಡುಗಿ ಡಬಲ್ ಲೆಗ್ (ಎದುರಾಳಿಯ ಎರಡೂ ಕಾಲು ಹಿಡಿದು ಕೆಡವೋ ಪಟ್ಟು) ಹಾಕೋಕೆ ನುಗ್ಗಿದಾಗ ಉಗುರು ಕಿತ್ತು ಬಂತು. ಬಟ್ಟೆ ಸುತ್ತಿಕೊಂಡು ಆಡಿದಳು. ಮೊಣಕೈ ಚರ್ಮ ಒಣಗೋದೇ ಇಲ್ಲ, ಮ್ಯಾಟಿಗೆ ಉಜ್ಜಿ ಉಜ್ಜಿ ಮತ್ತೆ ಕೆಂಪಾಗುತ್ತೆ. ಗರಡಿಯ ಮಣ್ಣೇ ಎಷ್ಟೋ ವಾಸಿ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣು ಮೈಗೆ ಹತ್ತಿದರೆ ಇಷ್ಟು ಗಾಯ ಆಗಲ್ಲ. ಆದರೆ ಯೂನಿವರ್ಸಿಟಿ ಕುಸ್ತಿ ಮಣ್ಣಿನ ಮೇಲೆ ನಡೆಯಲ್ವಲ್ಲ.

ಇವರಿಗೆ ಕೊಲ್ಹಾಪುರದ ಕಥೆ ಯಾರೂ ಹೇಳಿಲ್ಲವಾ? ಬೆಳಗಾವಿ ದಾಟಿದರೆ ಕೊಲ್ಹಾಪುರ, ಎಷ್ಟು ದೂರ? ಖಾಶಾಬಾ ಜಾಧವ್ ಅಲ್ಲಿನ ರಾಜಾರಾಮ್ ಕಾಲೇಜಿನ ಹುಡುಗ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ ಆರನೇ ಸ್ಥಾನ ಪಡೆದಿದ್ದ. ಮಣ್ಣಿನಲ್ಲಿ ಬೆಳೆದವನು, ಅಲ್ಲಿ ಹೋಗಿ ಮ್ಯಾಟ್ ಮೇಲೆ ಆಡಬೇಕಾಯ್ತು. 1952ರಲ್ಲಿ ಹೆಲ್ಸಿಂಕಿಗೆ ಹೋಗೋಕೆ ದುಡ್ಡಿರಲಿಲ್ಲ. ಊರವರು ಚಂದಾ ಎತ್ತಿದರು. ಸಾಲಲಿಲ್ಲ. ಆಗ ಅವರ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟರು. ಸ್ವಂತ ಮನೆ! ಖಾಶಾಬಾ ಕಂಚು ತಂದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಕುಸ್ತಿಯಲ್ಲಿ ಇನ್ನೊಂದು ಪದಕ ಬರೋಕೆ 2008ರವರೆಗೆ ಕಾಯಬೇಕಾಯ್ತು. 56 ವರ್ಷ.

ನಾನು ಯಾರ ಮನೆಯನ್ನೂ ಒತ್ತೆ ಇಡಿ ಅಂತ ಕೇಳಲಿಲ್ಲ. ಆ ಹುಡುಗಿ ಅಡ್ಮಿಷನ್ ದಿನವೇ ಕಟ್ಟಿದ ಕ್ರೀಡಾ ಶುಲ್ಕದಲ್ಲಿ ಅವಳಿಗೆ ಬರಬೇಕಾದ್ದನ್ನು ಕೇಳಿದೆ. ಅವಳೊಬ್ಬಳಲ್ಲ, ಕಾಲೇಜಿನ ಪ್ರತಿ ವಿದ್ಯಾರ್ಥಿಯೂ ಕಟ್ಟಿದ್ದಾನೆ. ಜೀವನದಲ್ಲಿ ಒಮ್ಮೆಯೂ ಮೈದಾನಕ್ಕೆ ಇಳಿಯದವನೂ ಕಟ್ಟಿದ್ದಾನೆ. ರಸೀದಿಯಲ್ಲಿ ಬೇರೆ ಸಾಲಿನಲ್ಲಿ ಮುದ್ರಿಸಿದೆ. ಆ ದುಡ್ಡು ಯಾರದು? "ನಾವು ಖರ್ಚು ಮಾಡಿ" ಅಂದರಲ್ಲ ಆ ಮೆಂಬರ್, ಯಾವ ಜೇಬಿನಿಂದ ಬಂದ ರೊಕ್ಕ ಅದು? ಯಾರಾದರೂ ಉತ್ತರ ಕೊಡಿ. ಪ್ರಿನ್ಸಿಪಾಲರು ಕೊಡಿ. ಆಡಿಟ್ ಮಾಡೋರು ಕೊಡಿ. ಅವತ್ತು ನಗದೆ ತಲೆ ತಗ್ಗಿಸಿ ಕೂತಿದ್ದ ಆ ಇಬ್ಬರು ಮೇಡಂ ಆದರೂ ಕೊಡಿ. ನಿಮಗೆ ಬೇಜಾರಾಯ್ತು ಅಂತ ನನಗೆ ಗೊತ್ತಾಯ್ತು, ಆದರೆ ಬಾಯಿ ಬಿಡಬೇಕಿತ್ತು.

ರಾತ್ರಿ ಇದನ್ನೆಲ್ಲ ಬಿಟ್ಟುಬಿಡೋಣ ಅಂತಲೇ ಮಲಗಿದ್ದೆ. ನನಗೆ ಕಾಲೇಜು ಕೊಡೋ ಗೌರವಧನ ಪೆಟ್ರೋಲಿಗೂ ಸಾಲಲ್ಲ. ಯಾರ ಜೊತೆ ಜಗಳ ಆಡಿ ಏನು ಸಿಗುತ್ತೆ, ನಾಳೆ ಮಕ್ಕಳನ್ನು ಗೇಟಿನ ಒಳಗೇ ಬಿಡದಿದ್ದರೆ ಏನು ಮಾಡಲಿ ಅನ್ನಿಸಿತು. ಬೆಳಿಗ್ಗೆ ತಾಲೀಮಿಗೆ ಹೋದರೆ ಅವಳು ನನಗಿಂತ ಮುಂಚೆ ಬಂದಿದ್ದಳು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡ್ತಿದ್ದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಇಷ್ಟು ಮುಂಚೆ ಯಾಕೆ ಅಂತ ಬೈದು ನಿಲ್ಲಿಸಬೇಕಾಯ್ತು, ನೀರು ಕುಡಿಸಬೇಕಾಯ್ತು. ಈ ವಯಸ್ಸಿನ ಹುಡುಗಿಗೆ ತೂಕದ ಭಯ ಒಂದು ಸಲ ಹತ್ತಿದರೆ ಅದು ಕುಸ್ತಿಯನ್ನೂ ತಿನ್ನುತ್ತೆ, ಮೈಯನ್ನೂ ತಿನ್ನುತ್ತೆ. ಇಲ್ಲ, ಬಿಡಲ್ಲ ನಾನು.

ಐದೂ ಮಕ್ಕಳನ್ನು ಕಳಿಸ್ತೀವಿ. ಗರಡಿಯ ಹಿರಿಯರು ಬಸ್ಸಿನ ದುಡ್ಡಿಗೆ ಒಪ್ಪಿದ್ದಾರೆ, ಊಟದ್ದು ನಾನು ನೋಡ್ಕೋತೀನಿ. ಅದಕ್ಕೂ ಕಾಲೇಜಿನ ಲೆಕ್ಕಕ್ಕೂ ಸಂಬಂಧ ಇಲ್ಲ. ಮೂರು ವರ್ಷದ ಕ್ರೀಡಾ ಶುಲ್ಕ ಎಷ್ಟು ಬಂತು, ಯಾವ ಆಟಕ್ಕೆ ಎಷ್ಟು ಹೋಯ್ತು ಅಂತ ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೀನಿ. ಸೋಮವಾರ ಆಫೀಸು ತೆರೆದ ತಕ್ಷಣ ಕೊಟ್ಟು ಸ್ವೀಕೃತಿ ತಗೋತೀನಿ. ಅವಳನ್ನು ಹಾಗೆ ನಿಲ್ಲಿಸಿದ್ದಕ್ಕೆ ಅವಳ ಎದುರಿಗೇ ತಪ್ಪಾಯ್ತು ಅನ್ನಬೇಕು, ನನ್ನ ಹತ್ತಿರ ಅಲ್ಲ. ಕುಸ್ತಿಗೆ ದುಡ್ಡು ಕೊಡಲ್ಲ ಅನ್ನೋದೇ ತೀರ್ಮಾನ ಆದರೆ ಅದನ್ನು ಹಾಳೆಯ ಮೇಲೆ ಬರೆದು, ಕಾರಣ ಹಾಕಿ, ಸಹಿ ಮಾಡಿ, ಸೀಲು ಒತ್ತಿ ಕೊಡಿ.