ಇಳಿದು ತಳ್ಳುವ ಜಾಗ

ಮೈಸೂರಿನಿಂದ ಮೇಲುಕೋಟೆಗೆ ಬಸ್ಸಿನಲ್ಲಿ ಹೋಗಿಬಂದವರನ್ನು ದಾರಿ ಹೇಗಿದೆ ಎಂದು ಕೇಳಿ ನೋಡಿ. ಜಕ್ಕನಹಳ್ಳಿ ದಾಟಿದ ಮೇಲೆ ಬೆಟ್ಟ ಹತ್ತುತ್ತದೆ, ಅಲ್ಲಿಯವರೆಗೆ ಸಮತಟ್ಟು ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ಸೈಕಲ್ ಕೊಂಡಾಗ ಗೊತ್ತಾಯಿತು: ಈ ಸುಮಾರು 50 ಕಿಲೋಮೀಟರಿನಲ್ಲಿ ನಾನು ಪ್ರಮಾಣ ಮಾಡಿ ಸಮತಟ್ಟು ಎನ್ನಬಹುದಾದದ್ದು ಶ್ರೀರಂಗಪಟ್ಟಣದ ಕಾವೇರಿ ಸೇತುವೆಗಳು ಮಾತ್ರ. ಉಳಿದದ್ದು ಒಂದೋ ಏರು, ಇಲ್ಲವೇ ಇಳಿಜಾರು. ಇಳಿಜಾರೆಂದರೆ ಮುಂದಿನ ಏರಿಗೆ ಕೊಟ್ಟ ಮುಂಗಡ.

ಸೈಕಲ್ ಕೊಂಡದ್ದು ವೈದ್ಯರ ಮಾತಿಗೆ. ಸಕ್ಕರೆ ಇಳಿಸಿ ಎಂದರು. ಇಳಿಸುವುದಕ್ಕೆ ನಾನು ಆರಿಸಿಕೊಂಡದ್ದು ಮಂಡ್ಯ ಜಿಲ್ಲೆಯನ್ನು. ಎರಡೂ ಬದಿಗೆ ಕಬ್ಬಿನ ಗದ್ದೆ, ನಡುನಡುವೆ ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಬರುವ ವಾಸನೆಗೆ ಮೂಗಿನ ಮೂಲಕವೇ ಸಕ್ಕರೆ ಏರಿಬಿಡುತ್ತದೇನೋ ಎಂದು ಭಯವಾಗುತ್ತದೆ. ಒಮ್ಮೆ ಬಿಸಿ ಬೆಲ್ಲವನ್ನು ಎಲೆಯ ತುಂಡಿನ ಮೇಲೆ ಹಾಕಿ ಕೊಟ್ಟರು. ತಿಂದೆನೋ ಇಲ್ಲವೋ ಎಂಬುದು ನನಗೂ ಆಲೆಮನೆಯವರಿಗೂ ಸೇರಿದ ವಿಷಯ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಹಲವರಿಗೆ ಸಿಟ್ಟು ಬಂದಿತು. ನನಗೆ ಬರಲಿಲ್ಲ. ದಿಣ್ಣೆಯನ್ನು ಕಡಿದು, ಹಳ್ಳವನ್ನು ತುಂಬಿ, ಊರುಗಳನ್ನು ಪಕ್ಕಕ್ಕೆ ತಳ್ಳಿ ಮಾಡಿದ ರಸ್ತೆಯಲ್ಲಿ ಸೈಕಲ್ಲಿಗೆ ಏನು ಕೆಲಸ? ಹಳೆಯ ರಸ್ತೆಗಳು ನೆಲ ಹೇಳಿದಂತೆ ಕೇಳುತ್ತವೆ, ಕಷ್ಟವಿರುವುದೂ ಅಲ್ಲಿಯೇ.

ನೆಲ ಏನು ಹೇಳುತ್ತದೆ ಎಂಬುದು ಊರಿನ ಹೆಸರುಗಳಲ್ಲಿದೆ. ಈಗ ನಾನು ನಕಾಶೆ ಬಿಡಿಸಿದರೆ ಮೊದಲು ಓದುವುದು ಹೆಸರಿನ ಬಾಲವನ್ನು. ಕೆರೆ, ಕಟ್ಟೆ, ಹಳ್ಳ ಎಂದು ಮುಗಿದರೆ ತುಳಿಯುವುದನ್ನು ನಿಲ್ಲಿಸಿ ಕುಳಿತಿರಬಹುದು, ಸೈಕಲ್ಲೇ ಕರೆದೊಯ್ಯುತ್ತದೆ. ದಿಣ್ಣೆ, ಬೋರೆ, ಮರಡಿ, ಗುಡ್ಡ ಕಂಡರೆ ಬಾಟಲಿಯಲ್ಲಿ ನೀರು ಎಷ್ಟಿದೆ ಎಂದು ನೋಡಿಕೊಳ್ಳಬೇಕು. ಕೊಪ್ಪಲು, ಹಳ್ಳಿ, ಪುರಗಳು ಬಾಯಿ ಬಿಡುವುದಿಲ್ಲ. ಅವು ಮನುಷ್ಯರ ಸುದ್ದಿ ಹೇಳುವ ಹೆಸರುಗಳು, ಮಣ್ಣಿನದಲ್ಲ. ಏರಿನ ಮಟ್ಟಿಗೆ ನಮ್ಮ ಹಿರಿಯರಿಗಿದ್ದಷ್ಟು ಪದಗಳು ನನ್ನ ಸೈಕಲ್ಲಿನ ಗೇರುಗಳಿಗೂ ಇಲ್ಲ.

ಹೆಸರು ಬೇಡವೆಂದರೆ ಬೆಳೆ ನೋಡಬಹುದು. ದಿಣ್ಣೆಯ ಮೇಲೆ ರಾಗಿ, ಹುರುಳಿ, ಒಂಟಿ ಹುಣಸೆಮರ. ತಗ್ಗಿನಲ್ಲಿ ಭತ್ತ, ತೆಂಗು. ಬೆಳಗಿನ ಆರು ಗಂಟೆಗೆ ಕಣ್ಣು ಮುಚ್ಚಿಕೊಂಡು ಹೋದರೂ ತಿಳಿಯುತ್ತದೆ (ಹೋಗಬೇಡಿ). ದಿಣ್ಣೆಯಿಂದ ಇಳಿಯುತ್ತಾ ಬಂದಂತೆ ಒಂದು ಹಂತದಲ್ಲಿ ತಣ್ಣನೆಯ ಗಾಳಿ ಮೊಣಕಾಲಿಗೆ ತಾಗುತ್ತದೆ, ಇನ್ನೆರಡು ಮಾರು ಇಳಿದರೆ ಎದೆಗೆ, ಆಮೇಲೆ ಕಿವಿಗೆ. ಬಾವಿಗೆ ಇಳಿದ ಹಾಗೆ. ರಾತ್ರಿಯ ಚಳಿಯೆಲ್ಲ ಹರಿದು ಬಂದು ಗದ್ದೆಯ ಬಯಲಿನಲ್ಲಿ ನಿಂತಿರುತ್ತದೆ. ಕೆಸರಿನ, ನೆನೆದ ಹುಲ್ಲಿನ ವಾಸನೆಯೂ ಅದರೊಳಗೇ. ಕೈಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದಷ್ಟರಲ್ಲಿ ಮುಂದಿನ ಏರು ಬಂದು ಬೆವರು ಬರಿಸುತ್ತದೆ.

ಇಷ್ಟರ ನಡುವೆ ಎರಡು ಬಗೆಯ ದಾರಿಗಳು ಸೈಕಲ್ಲಿನವನ ಮೇಲೆ ಕರುಣೆ ತೋರುತ್ತವೆ. ಒಂದು ಕೆರೆಯ ಏರಿ. ಹೆಸರಿನಲ್ಲೇ ಏರನ್ನು ಇಟ್ಟುಕೊಂಡಿದ್ದರೂ ಅದರ ಮೇಲೆ ಸೇರಿದ ಮೇಲೆ ಏರಬೇಕಿಲ್ಲ. ತೊಣ್ಣೂರು ಕೆರೆ ರಾಮಾನುಜರ ಕಾಲದ್ದೆಂದು ಪ್ರತೀತಿ. ಗುಡ್ಡಗಳ ಸಂದನ್ನು ಹುಡುಕಿ ಅಲ್ಲೇ ಅಡ್ಡಕಟ್ಟಿದವರು ಈ ಸುತ್ತಿನ ಏರುತಗ್ಗನ್ನು ಕಾಲಿನಲ್ಲೇ ಅಳೆದಿರಬೇಕು. ಇನ್ನೊಂದು ನಾಲೆಯ ದಂಡೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದದ್ದು, ನನ್ನ ಹಾಗೆಯೇ ದಿಣ್ಣೆ ಕಂಡರೆ ಬಳಸಿಕೊಂಡು ಹೋಗುತ್ತದೆ. ಬಳಸಲಾಗದ ಹುಲಿಕೆರೆಯಲ್ಲಿ ಅದಕ್ಕೆ ಸುರಂಗ ಕೊರೆದುಕೊಟ್ಟಿದ್ದಾರೆ. ನನಗೆ ಯಾರೂ ಕೊರೆದುಕೊಟ್ಟಿಲ್ಲ. ದಂಡೆಯ ಮೇಲೆ ಹೋಗುವಾಗ ಮಾತ್ರ ನಾನು ನೀರಿನ ಬದಿಗೆ ಸರಿಯುವುದಿಲ್ಲ, ಹಾಡು ಕೇಳುವುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು.

ಡಿಸೆಂಬರು, ಜನವರಿಯಲ್ಲಿ ರಸ್ತೆಯೇ ಕಣವಾಗುತ್ತದೆ. ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹರಡಿ, ಹೋಗಿಬರುವ ಲಾರಿ, ಬಸ್ಸುಗಳ ಕೈಯಲ್ಲಿ ಬಿಟ್ಟಿಯಾಗಿ ಒಕ್ಕಣೆ ಮಾಡಿಸುತ್ತಾರೆ. ಕಾರಿನವರು ಬೈಯುತ್ತಾರೆ. ನನ್ನ ಸೈಕಲ್ಲಿನ ತೂಕಕ್ಕೆ ಒಂದು ಕಾಯಿಯೂ ಒಡೆಯುವುದಿಲ್ಲ. ಬದಲಿಗೆ ಗಿಡವೇ ಹಿಂದಿನ ಚಕ್ರವನ್ನು ಅಪ್ಪಿಕೊಳ್ಳುತ್ತದೆ. ಕಳೆದ ಸಲ ಹೀಗಾಯಿತು. ಕರ್ ಎಂದು ಸದ್ದಾಗಿ ಪೆಡಲು ನಿಂತಿತು. ಬಗ್ಗಿ ನೋಡಿದರೆ ಗೇರಿನ ಎರಡು ಪುಟ್ಟ ಚಕ್ರಗಳಿಗೆ ಹುರುಳಿಯ ಬಳ್ಳಿ ಜಡೆ ಹೆಣೆದ ಹಾಗೆ ಸುತ್ತಿಕೊಂಡು, ಚೈನಿನ ಎಣ್ಣೆಯಲ್ಲಿ ಕಪ್ಪಾಗಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಎಳೆ ಎಳೆಯಾಗಿ ಬಿಡಿಸತೊಡಗಿದೆ. ಮೊರ ಹಿಡಿದಿದ್ದ ಹೆಂಗಸು ಬಂದು ನೋಡಿ, “ಪೂರ್ತಿ ಬಿಡಿಸಿಟ್ಟು ಹೋಗಣ್ಣ, ಒಂದು ಸಾರಿಗೆ ಆಗುವಷ್ಟಿದೆ” ಎಂದಳು. ತಮಾಷೆ ಎಂದುಕೊಂಡೆ. ಆಕೆ ಮೊರವನ್ನು ಕೆಳಗಿಟ್ಟು ಕಾಯುತ್ತಾ ನಿಂತಾಗ ಅಲ್ಲವೆಂದು ತಿಳಿಯಿತು. ಕಾಯಿಗಳನ್ನು ಆರಿಸಿ ಮೊರಕ್ಕೆ ಹಾಕಿ ಕೈ ಒರೆಸಿಕೊಂಡು ಹೊರಟೆ.

ಅದೇ ದಿನ ಮುಂದೆ ಚಿನಕುರಳಿಯ ಕಡೆ ಒಂದು ಗೂಡಂಗಡಿಯಲ್ಲಿ ಟೀ ಕುಡಿಯಲು ನಿಂತೆ. (1771ರಲ್ಲಿ ಹೈದರಾಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಮ್ಮೆಟ್ಟುವಾಗ ಮರಾಠರಿಂದ ಪೆಟ್ಟು ತಿಂದದ್ದು ಇದೇ ಚಿನಕುರಳಿಯ ಬಳಿ. ಹಿಮ್ಮೆಟ್ಟುವ ಯೋಚನೆ ನನಗೂ ಇಲ್ಲಿಯೇ ಬರುವುದು.) ಮುಂದೆ ಏರು ಜಾಸ್ತಿಯೇ ಎಂದು ಕೇಳಿದೆ. ಮೊಪೆಡ್ಡಿನ ಮೇಲೆ ಕುಳಿತಿದ್ದ ಹುಡುಗ, “ಏರೇ ಇಲ್ಲ ಸಾರ್, ಸಮ ರಸ್ತೆ” ಎಂದ. ಮೊಪೆಡ್ಡಿನವರು ಯಾವಾಗಲೂ ಹಾಗೆ ಹೇಳುತ್ತಾರೆ. ಬೆಂಚಿನ ತುದಿಯಲ್ಲಿದ್ದ ಯಜಮಾನರು ಬೀಡಿ ಕೆಳಗೆ ಹಾಕಿ, “ಮೂರು ಏರು” ಎಂದರು. ಯೌವನದಲ್ಲಿ ಹಾಲಿನ ಕ್ಯಾನುಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಡೈರಿಗೆ ಹಾಕುತ್ತಿದ್ದವರಂತೆ. ಅವರ ಸೈಕಲ್ಲಿಗೆ ಇದ್ದದ್ದು ಒಂದೇ ಗೇರು.

ನನ್ನ ಮೊಬೈಲಿನಲ್ಲಿ ದಾರಿಯ ಏರಿಳಿತದ ಗೆರೆಚಿತ್ರವಿತ್ತು. ತೋರಿಸಿದೆ. “ಇದೇನು ಸ್ವಾಮಿ, ಎದೆ ಪರೀಕ್ಷೆಯದೇ?” ಎಂದರು. ದಾರಿಯದು ಎಂದು ವಿವರಿಸಿದ ಮೇಲೆ ಕಣ್ಣು ಕಿರಿದು ಮಾಡಿ, ಹೆಬ್ಬೆರಳನ್ನು ಗೆರೆಯ ಉದ್ದಕ್ಕೂ ಸರಿಸಿದರು. ಮೊದಲನೆಯ ಉಬ್ಬಿನ ಮೇಲೆ, ಇದು ಸುಲಭ, ಕುಳಿತೇ ಹೋಗಬಹುದು. ಎರಡನೆಯದು ನೋಡಲು ಸಣ್ಣದು, ಆದರೆ ಆಷಾಢದಲ್ಲಿ ಪಡುವಣ ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಕ್ಯಾನು ವಾಲುತ್ತದೆ. ಮೂರನೆಯದರ ಅರ್ಧಕ್ಕೆ ಬಂದು ಬೆರಳು ನಿಂತಿತು. “ಇಲ್ಲಿ ಹುಣಸೆಮರ. ಇಲ್ಲಿಳಿದು ತಳ್ಳಬೇಕು.”

ನನ್ನದು ಗೇರಿನ ಸೈಕಲ್, ಇಳಿಯುವ ಅಗತ್ಯ ಬೀಳುವುದಿಲ್ಲ ಎಂದು ವಿನಯದಿಂದಲೇ ಹೇಳಿದೆ. ಅತ್ಯಂತ ಹಗುರವಾದ ಗೇರಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ ಎರಡೂವರೆ ಮೀಟರು ಮಾತ್ರ ಮುಂದೆ ಹೋಗುತ್ತದೆ, ಆದ್ದರಿಂದ ಭಾರವಾಗುವುದಿಲ್ಲ ಎಂದೂ ಸೇರಿಸಿದೆ. ಅವರು ತಲೆಯಾಡಿಸಿದರು. ಟೀ ದುಡ್ಡನ್ನು ಅವರೇ ಕೊಟ್ಟರು.

ಮೊದಲನೆಯದನ್ನು ಕುಳಿತೇ ಹತ್ತಿದೆ. ಎರಡನೆಯದರಲ್ಲಿ ಗಾಳಿ ಇರಲಿಲ್ಲ. ಮೂರನೆಯದರ ಅರ್ಧಕ್ಕೆ ಹಗುರವಾದ ಗೇರೂ ಮುಗಿದು, ಎರಡೂವರೆ ಮೀಟರು ಎರಡಾಗಿ, ಒಂದಾಗಿ, ಮುಂದಿನ ಚಕ್ರ ಹಾವಿನಂತೆ ಅತ್ತಿತ್ತ ಹೊರಳತೊಡಗಿತು. ತಲೆಯೆತ್ತಿದರೆ ಹುಣಸೆಮರ. ಬುಡದಲ್ಲಿ ಒಂದು ಚಪ್ಪಟೆ ಕಲ್ಲು, ಕುಳಿತೂ ಕುಳಿತೂ ನುಣುಪಾದದ್ದು. ಹಿಂದೆ ಮುಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಇಳಿದೆ.