ಜುಟ್ಟಿಗೆ ಎರಡು ಮಿಲಿಆಂಪ್

ಜಿಮ್ಮಿನಲ್ಲಿ ಯಾರದಾದರೂ ಹಣೆಯ ಮೇಲೆ ನೀರಿಳಿಯುತ್ತಿದ್ದರೆ ಬೆವರೆಂದು ಮೋಸಹೋಗಬೇಡಿ. ಸ್ಪಂಜಿಗೆ ಉಪ್ಪುನೀರು ಹೆಚ್ಚಾಗಿದೆ, ಅಷ್ಟೇ.

ಮೈಬಲ ಹೆಚ್ಚಲೆಂದು ತಲೆಯ ಹೊರಗಿನಿಂದ ಮಿದುಳಿಗೆ ಸಣ್ಣ ವಿದ್ಯುತ್ ಹಾಯಿಸುವ, ಟಿಡಿಸಿಎಸ್ ಎಂಬ ಈ ವಿದ್ಯೆಯಲ್ಲಿ ತಲೆಗೆ ಒದ್ದೆ ಸ್ಪಂಜಿನ ಎರಡು ಎಲೆಕ್ಟ್ರೋಡ್ ಕಟ್ಟಿ, 1ರಿಂದ 2 ಮಿಲಿಆಂಪ್ ನೇರ ವಿದ್ಯುತ್ತನ್ನು 10–20 ನಿಮಿಷ ಹರಿಸುತ್ತಾರೆ. ಇದರಿಂದ ನರಕೋಶ ತಾನಾಗಿ ಕೆಲಸ ಶುರುಮಾಡುವುದಿಲ್ಲ. ಕರೆದರೆ ತುಸು ಬೇಗ ಓಗೊಡುತ್ತದೆ. ಕರೆಯಬೇಕಾದವರು, ಅಂದರೆ ಭಾರ ಎತ್ತಬೇಕಾದವರು, ನೀವೇ. ಜಾಹೀರಾತಿಗೆ ಹಿಡಿಸದ ಮಾತು ಇದೊಂದೇ.

ಕಾಲಿನ ಬಲಕ್ಕಾದರೆ ಆನೋಡ್, ಅಂದರೆ ಧನ ಎಲೆಕ್ಟ್ರೋಡ್, ನಡುನೆತ್ತಿಗೆ ಬರಬೇಕು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಒಮ್ಮೆ, ಕಿವಿಯಿಂದ ಕಿವಿಗೆ ಇನ್ನೊಮ್ಮೆ ಟೇಪು ಹಿಡಿದು, ಎರಡರ ಅರ್ಧವೂ ಕೂಡುವ ಜಾಗ ಹುಡುಕಬೇಕು. ನಮ್ಮ ಭೀಮಸೇನರು ತೋಳಿನ ಸುತ್ತಳತೆಯನ್ನು ದಿನಕ್ಕೆ ಮೂರು ಸಲ ಅಳೆಯುತ್ತಾರೆ, ತಲೆಯನ್ನು ಮಾತ್ರ ಅಂದಾಜಿಗೆ ಬಿಡುತ್ತಾರೆ. 5×7 ಸೆಂಟಿಮೀಟರಿನ ಸ್ಪಂಜು ಅಲ್ಲಲ್ಲಿ ಒಣಗಿತೋ, ವಿದ್ಯುತ್ತೆಲ್ಲ ಒದ್ದೆಯಿರುವ ಚುಕ್ಕೆಗೇ ನುಗ್ಗಿ ಚರ್ಮ ಸುಡುತ್ತದೆ. ಸೋರಿತೋ, ಉಪ್ಪುನೀರಿನ ಕಾಲುವೆ ಹಿಡಿದು ಕೂದಲ ಮೇಲೇ ಈ ದಡದಿಂದ ಆ ದಡಕ್ಕೆ ದಾಟುತ್ತದೆ. ಮಿದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎಲ್ಲ ಸರಿಯಿದ್ದಾಗಲೂ ಚರ್ಮ, ಬುರುಡೆಗಳು ದಾರಿಯಲ್ಲೇ ಬಹುಪಾಲು ಸುಂಕ ಕಿತ್ತುಕೊಳ್ಳುತ್ತವೆ.

ಇನ್ನು 9 ವೋಲ್ಟ್ ಬ್ಯಾಟರಿಗೆ ತಂತಿ ಸುತ್ತಿ ಹಣೆಗಿಟ್ಟುಕೊಳ್ಳುವ ಮಹನೀಯರು. ಚರ್ಮದ ಪ್ರತಿರೋಧ ನಿಮಿಷಕ್ಕೊಂದು ಥರ ಬದಲಾಗುವಾಗ ವಿದ್ಯುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟ್ ಇಲ್ಲದಿದ್ದರೆ ಎಷ್ಟು ಹರಿಯಿತೆಂದು ಯಾರಿಗೆ ಗೊತ್ತು? ಮೂರ್ಛೆರೋಗವಿರುವವರು, ತಲೆಯೊಳಗೆ ಲೋಹವಿರುವವರು ಇದರ ಹತ್ತಿರವೂ ಸುಳಿಯಬಾರದು.

'ಹೆಚ್ಚು ಹೊತ್ತು ಕೊಟ್ಟರೆ ಹೆಚ್ಚು ಬಲ' ಎನ್ನುವ ಪಂಥವೂ ಇದೆ. 1 ಮಿಲಿಆಂಪ್ 13 ನಿಮಿಷ ಹರಿದಾಗ ಚುರುಕಾದ ಮಿದುಳಿನ ಚಲನಾ ಪ್ರದೇಶ, ಬಿಡದೆ 26 ನಿಮಿಷ ಹರಿದಾಗ ಮಂಕಾದದ್ದು ಪ್ರಯೋಗದಲ್ಲೇ ಕಂಡಿದೆ. ದುಡ್ಡು ಕೊಟ್ಟು ಬ್ರೇಕ್ ಹಾಕಿಸಿಕೊಂಡಂತೆ.

ಪ್ರಯೋಗಗಳಲ್ಲಿ ಹೋಲಿಕೆಗೆಂದು ಒಂದು ಗುಂಪಿಗೆ ಸುಮಾರು 30 ಸೆಕೆಂಡು ಮಾತ್ರ ಹರಿಸಿ, ಸದ್ದಿಲ್ಲದೆ ನಿಲ್ಲಿಸುತ್ತಾರೆ. ತುರಿಕೆ ಆಯಿತು, ನಂಬಿಕೆ ಹುಟ್ಟಿತು. ಆಮೇಲೆ ವಾರಗಟ್ಟಲೆ ನಿಯಮವಾಗಿ ಭಾರ ಎತ್ತಿದರೆ ಆ ಗುಂಪಿನ ಬಲವೂ ಏರುತ್ತದೆ! ಹೊಸಬರ ಮೊದಲ ವಾರಗಳ ಏರಿಕೆಯಲ್ಲಿ ದೊಡ್ಡ ಪಾಲು ನರಗಳದೇ. ಸ್ನಾಯು ಉಬ್ಬುವುದು ನಿಧಾನ. ಮಿದುಳನ್ನು ಕೆಣಕುವ ಕೆಲಸವನ್ನು ಆ ಕಬ್ಬಿಣದ ಬಾರ್ ಚಾರ್ಜರಿಲ್ಲದೆ ಮಾಡುತ್ತಲೇ ಬಂದಿದೆ.

ಅತ್ತ, 20 ನಿಮಿಷದ ಚಾರ್ಜಿಂಗ್ ಮುಗಿಸಿದ ವೀರ ಬಾರನ್ನು ಹೆಗಲಿಗೇರಿಸಿ, ಮಂಡಿಯನ್ನು ನಾಲ್ಕು ಬೆರಳಷ್ಟು ಬಗ್ಗಿಸಿ, ಎದ್ದು ನಿಟ್ಟುಸಿರು ಬಿಡುತ್ತಾನೆ. ಎರಡನೇ ಸೆಟ್ಟಿಗೆ ಬ್ಯಾಟರಿ ಇಲ್ಲವಂತೆ.