ಸಹಿ ಹಾಕಿಸಿದ ಬ್ಯಾಟಿಗೆ ವಾರ್ನಿಶ್ ಹೊಡೆಯಬೇಡಿ ಮಾರಾಯ್ರೇ

ಕಾಸರಗೋಡಿನ ಕಡೆಯ ಒಂದು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿದ್ದ ಬ್ಯಾಟನ್ನು ಇವತ್ತು ನೋಡಿದ ಮೇಲೆ ಸಿಟ್ಟು ಇಳಿಯುತ್ತಿಲ್ಲ. ಸಹಿ ಇದ್ದ ಜಾಗದಲ್ಲಿ ಈಗ ನೇರಳೆ ಬಣ್ಣದ ಕಲೆ. ಶಾಯಿ ಮರದ ಎಳೆ ಹಿಡಿದು ಕೆಳಗಿಳಿದಿದೆ. ಮೊದಲ ಅಕ್ಷರದ ಸುಳಿ ಒಂದು ಬಿಟ್ಟರೆ ಬೇರೇನೂ ಓದಲಿಕ್ಕಾಗುವುದಿಲ್ಲ. ಅದರ ಮೇಲೆ ವಾರ್ನಿಶ್ ಪಳಪಳ ಹೊಳೆಯುತ್ತಿದೆ. ಸಹಿ ಹಾಳಾಗಬಾರದು ಅಂತಲೇ ಹೊಡೆದದ್ದಂತೆ.

ಪರ್ಮನೆಂಟ್ ಮಾರ್ಕರ್ ಎಂಬ ಹೆಸರು ನೋಡಿ ಜನ ಮೋಸಹೋಗುತ್ತಾರೆ. ಅದರ ಶಾಯಿ ನೀರಿಗೆ ಜಗ್ಗುವುದಿಲ್ಲ ನಿಜ. ಆದರೆ ಸ್ಪಿರಿಟ್ಟಿಗೆ, ಥಿನ್ನರಿಗೆ ಕೂಡಲೇ ಕರಗುತ್ತದೆ. ವಾರ್ನಿಶ್, ಸ್ಪ್ರೇ ಲ್ಯಾಕರ್, ಕೆಲವರು ಹೊಡೆಯುವ ಹೇರ್ ಸ್ಪ್ರೇ, ಇವುಗಳಲ್ಲೆಲ್ಲ ಇರುವುದು ಅಂಥದ್ದೇ ದ್ರಾವಕ. ಬ್ರಶ್ ಎಳೆದ ಕೂಡಲೇ ಸಹಿ ಹರಡುತ್ತದೆ. ಲೇಪ ಬೇಕೇ ಬೇಕು ಎನ್ನುವವರು ಅದನ್ನು ಸಹಿಗಿಂತ ಮೊದಲೇ ಹಚ್ಚಿ. ಬರಿಯ ಮರವನ್ನು ನಯವಾದ ಪಾಲಿಶ್ ಪೇಪರಿನಿಂದ ಎಳೆಯುದ್ದಕ್ಕೆ ಉಜ್ಜಿ, ಒಣ ಬಟ್ಟೆಯಲ್ಲಿ ಹುಡಿ ಒರೆಸಿ, ತೆಳ್ಳಗೆ ಒಂದು ಕೋಟ್ ಕೊಟ್ಟು ಕೆಲವು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಸಹಿ ಹಾಕಿಸಿದರೆ ಶಾಯಿ ಮರದೊಳಗೆ ಇಳಿಯುವುದಿಲ್ಲ, ಅಂಚು ಚೂಪಾಗಿ ನಿಲ್ಲುತ್ತದೆ. ಸಹಿಯಾದ ಮೇಲೆ ಏನನ್ನೂ ಹಚ್ಚಬೇಡಿ.

ನಮ್ಮ ಊರಿನವರಿಗೆ ಸಹಿ ಬೇಕೆನಿಸುವುದರಲ್ಲಿ ಆಶ್ಚರ್ಯವೇನಿಲ್ಲ. 2025ರ ಫೆಬ್ರವರಿಯಲ್ಲಿ ಸುನಿಲ್ ಗಾವಸ್ಕರ್ ನಮ್ಮ ಕಾಸರಗೋಡಿಗೇ ಬಂದರು, ವಿದ್ಯಾನಗರದ ಸ್ಟೇಡಿಯಂ ರಸ್ತೆಗೆ ಅವರ ಹೆಸರು ಬಂತು. ಅದೇ ತಿಂಗಳು ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ (ಭಾರತದ ಹಳೆಯ ಕ್ಯಾಪ್ಟನ್ ಅಲ್ಲ) ರಣಜಿ ಸೆಮಿಫೈನಲ್‌ನಲ್ಲಿ ಗುಜರಾತಿನ ಎದುರು ಔಟಾಗದೆ 177 ಹೊಡೆದರು, ಕೇರಳ ಮೊದಲ ಬಾರಿಗೆ ಫೈನಲಿಗೆ ಹೋಯಿತು. ಮಕ್ಕಳು ಬ್ಯಾಟ್ ಹಿಡಿದು ಗೇಟಿನ ಬಳಿ ಕಾಯುವುದು ನೋಡಲು ಚೆಂದ. ಆದರೆ ಅವರ ಕಿಸೆಯಲ್ಲಿರುವ ಪೆನ್ನು ಯಾವುದು? ನನ್ನ ತಕರಾರು ಪೂರ್ತಿ ಅದರದ್ದೇ.

ಜೆಲ್ ಪೆನ್ನು ನುಣುಪಿನ ಮೇಲೆ ಒಣಗುವುದೇ ಇಲ್ಲ, ಕೈ ತಾಗಿದರೆ ಹೋಯಿತು. ಬಾಲ್ ಪೆನ್ನು ಮರದಲ್ಲಿ ಗೀರುತ್ತದೆ, ಶಾಯಿ ಬಿಟ್ಟುಬಿಟ್ಟು ಬರುತ್ತದೆ. ಸ್ಕೆಚ್ ಪೆನ್ನು ಬೆವರಿನ ಕೈಗೇ ಕರಗುತ್ತದೆ. ಎಲ್ಲಕ್ಕಿಂತ ದೊಡ್ಡ ಅನಾಹುತ ವೈಟ್‌ಬೋರ್ಡ್ ಮಾರ್ಕರ್. ನೋಡಲು ಪರ್ಮನೆಂಟ್ ಮಾರ್ಕರಿನ ಹಾಗೆಯೇ ಇರುತ್ತದೆ, ಆದರೆ ಅದನ್ನು ಮಾಡಿರುವುದೇ ಒರೆಸಲಿಕ್ಕೆ. ಕೊಳ್ಳುವಾಗ ಮೈಮೇಲೆ ಬರೆದದ್ದನ್ನು ಓದಿ. ಬ್ಯಾಟಿಗೆ ಬೇಕಾದದ್ದು ತೆಳು ತುದಿಯ ಕಪ್ಪು ಅಥವಾ ನೀಲಿ ಪರ್ಮನೆಂಟ್ ಮಾರ್ಕರ್, ಅಂಗಡಿಯಲ್ಲಿ ಸಿಡಿ ಮಾರ್ಕರ್ ಎಂದು ಕೇಳಿದರೂ ಕೊಡುತ್ತಾರೆ. ಪಿಗ್ಮೆಂಟ್ ಶಾಯಿಯದ್ದು (ಕರಗದ ಬಣ್ಣದ ಹುಡಿ ಇರುವ ಶಾಯಿ) ಸಿಕ್ಕಿದರೆ ಬಿಡಬೇಡಿ, ಬೆಳಕಿಗೆ ಅದೇ ಹೆಚ್ಚು ತಾಳುವುದು. ಅಗಸೆ ಎಣ್ಣೆ ಕುಡಿಸಿ ಇನ್ನೂ ಒಣಗದ ಬ್ಯಾಟಿನ ಮೇಲೆ ಯಾವ ಪೆನ್ನೂ ಸರಿಯಾಗಿ ನಿಲ್ಲುವುದಿಲ್ಲ. ಬ್ಯಾಟಿನ ಮುಖಕ್ಕೆ ಗೀರು ಬೀಳದಂತೆ ಆ್ಯಂಟಿ-ಸ್ಕಫ್ ಶೀಟ್ ಅಂಟಿಸಿದ್ದರೆ ಸಹಿ ಬೀಳುವುದು ಆ ಪ್ಲಾಸ್ಟಿಕ್ಕಿನ ಮೇಲೆ, ಶೀಟ್ ಎದ್ದ ದಿನ ಸಹಿಯೂ ಹೋಗುತ್ತದೆ.

ಕೆಂಪು ಚೆಂಡಿಗೆ ಬೆಳ್ಳಿ ಬಣ್ಣದ ಪೈಂಟ್ ಮಾರ್ಕರ್ ಬೇಕು, ಕಪ್ಪು ಕಾಣಿಸುವುದೇ ಇಲ್ಲ. ಈ ಮಾರ್ಕರನ್ನು ಮುಚ್ಚಳ ಹಾಕಿಯೇ ಚೆನ್ನಾಗಿ ಕುಲುಕಬೇಕು, ಒಳಗಿನ ಗುಂಡು ಟಕಟಕ ಎನ್ನಬೇಕು. ಮತ್ತೆ ರದ್ದಿ ಕಾಗದದ ಮೇಲೆ ತುದಿಯನ್ನು ಒತ್ತಿ ಒತ್ತಿ ಬಿಟ್ಟರೆ ಬಣ್ಣ ನಿಧಾನವಾಗಿ ತುದಿಗೆ ಇಳಿಯುತ್ತದೆ. ನಾಲ್ಕು ಗೆರೆ ಎಳೆದು ಹರಿವು ಸಮವಾಯಿತೇ ನೋಡಿ. ಇದೆಲ್ಲ ಆಟಗಾರ ಬರುವ ಮೊದಲೇ ಮುಗಿದಿರಬೇಕು. ಅವರ ಕೈಗೆ ಕೊಟ್ಟ ಮೇಲೆ ಅವರು ಒತ್ತಿದರೆ ಚೆಂಡಿನ ಮೇಲೆ ಬಣ್ಣದ ತೊಟ್ಟು ಬೀಳುತ್ತದೆ, ಅದನ್ನು ಒರೆಸಲು ಹೋದರೆ ಅರ್ಧ ಸಹಿಯೂ ಹೋಗುತ್ತದೆ. ಚೆಂಡಿನ ಸುತ್ತಳತೆ ಹೆಚ್ಚೆಂದರೆ 22.9 ಸೆಂಟಿಮೀಟರ್, ಹೊಲಿಗೆ, ಚಿನ್ನದ ಬಣ್ಣದ ಅಚ್ಚು ಬಿಟ್ಟರೆ ಉಳಿಯುವ ಜಾಗ ಕಡಿಮೆ. ಅಚ್ಚು ಇಲ್ಲದ ಬದಿಯನ್ನು ಮೇಲೆ ಮಾಡಿ ಕೊಡಿ. ಒಂದೇ ಚೆಂಡಿಗೆ ಹನ್ನೊಂದು ಮಂದಿಯ ಸಹಿ ಹಾಕಿಸಿದರೆ ಒಂದೂ ಓದಲಿಕ್ಕಾಗುವುದಿಲ್ಲ.

ಕಬಡ್ಡಿ ಜೆರ್ಸಿ ನಮ್ಮ ಕಡೆ ಬ್ಯಾಟಿಗಿಂತ ಹೆಚ್ಚು. ಪಾಲಿಯೆಸ್ಟರ್ ಬಟ್ಟೆ ಪೆನ್ನಿನ ಜೊತೆಗೇ ಜಾರುತ್ತದೆ. ಒಳಗೆ ದಪ್ಪ ರಟ್ಟು ಹಾಕಿ ಹಿಂದಿನಿಂದ ಬೈಂಡರ್ ಕ್ಲಿಪ್ಪು ಸಿಕ್ಕಿಸಿ. ಸುಕ್ಕು ಹೋಗುವಷ್ಟು ಬಿಗಿ ಸಾಕು. ಅದಕ್ಕಿಂತ ಜಗ್ಗಿದರೆ ಕ್ಲಿಪ್ಪು ತೆಗೆದಾಗ ಸಹಿ ಕುಗ್ಗಿ ಅಡ್ಡಾದಿಡ್ಡಿಯಾಗುತ್ತದೆ. ರಟ್ಟಿಲ್ಲದಿದ್ದರೆ ಶಾಯಿ ಹಿಂದಿನ ಪದರಕ್ಕೂ ಇಳಿಯುತ್ತದೆ. ನಂಬರಿನ ರಬ್ಬರ್ ಪ್ರಿಂಟಿನ ಮೇಲೆ ಹಾಕಿಸಬೇಡಿ, ಅಲ್ಲಿ ಮಾರ್ಕರ್ ಒಣಗಲು ಹೊತ್ತು ಹಿಡಿಯುತ್ತದೆ, ಮಡಚಿದಾಗ ಎದುರು ಬದಿಗೂ ಅಂಟುತ್ತದೆ. ಬಟ್ಟೆಯ ಮೇಲೆ ಹಾಕಿಸಿ, ಒಂದು ದಿನ ಹರವಿಡಿ, ಒಗೆಯಬೇಡಿ.

"ಸಹಿ ಮಾಸಿದರೇನಂತೆ, ನೆನಪು ಮಾಸುವುದಿಲ್ಲವಲ್ಲ" ಎಂದು ಹೇಳುವವರು ಇದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನೆನಪೇ ಸಾಕಾಗಿದ್ದರೆ ಬಿಸಿಲಿನಲ್ಲಿ ಸಾಲು ನಿಂತದ್ದು ಯಾಕೆ? ನಮ್ಮ ಕುಂಬಳೆ ಊರಿನ ಹೆಸರು ಹೊತ್ತ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ 74 ರನ್ನಿಗೆ 10 ವಿಕೆಟ್ ತೆಗೆದದ್ದು ಕಂಡವರಿಗೆ ನೆನಪುಂಟು. ಅಂದು ಹುಟ್ಟಿರದ ಹುಡುಗನ ಕೈಗೆ ಕೊಡಲಿಕ್ಕೆ ಏನಾದರೂ ಇರಬೇಕಲ್ಲ. ನೇರಳೆ ಕಲೆ ತೋರಿಸಿ ಇದು ಕುಂಬ್ಳೆ ಸಹಿ ಎಂದರೆ ಅವನು ಯಾಕೆ ನಂಬಬೇಕು?

ಆ ನೇರಳೆಗೆ ವಾರ್ನಿಶ್ ಒಂದೇ ಕಾರಣವಲ್ಲ, ಬೆಳಕೂ ಕಾರಣ. ಮಾರ್ಕರಿನ ಕಪ್ಪು ಎಂದರೆ ಕೆಲವು ಬಣ್ಣಗಳ ಬೆರಕೆ. ಒಂದೊಂದು ಒಂದೊಂದು ವೇಗದಲ್ಲಿ ಮಾಸಿ ಕೊನೆಗೆ ನೇರಳೆ, ಕಂದು ಉಳಿಯುತ್ತದೆ. ಕಿಟಕಿಯ ಎದುರು, ಲೈಟಿನ ಬುಡದಲ್ಲಿ ಇಡಬೇಡಿ. ಫ್ರೇಮ್ ಮಾಡಿಸುವಾಗ ಗಾಜು ಸಹಿಗೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ, ತಾಗಿದರೆ ಶಾಯಿ ಗಾಜಿಗೆ ಅಂಟುತ್ತದೆ. ಸಹಿ ಮಾಡಿದ ಫೋಟೋವನ್ನು ಲ್ಯಾಮಿನೇಶನ್ ಮಾಡಿಸುವುದು ಇನ್ನೂ ಕೆಟ್ಟದ್ದು, ಬಿಸಿಗೆ ಶಾಯಿ ಹರಡುತ್ತದೆ, ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ.

ಇನ್ನು ನಮ್ಮ ಮಳೆಗಾಲ. ತುಳುವರ ಆಟಿ ತಿಂಗಳಲ್ಲಿ ಚರ್ಮ, ಮರ, ಬಟ್ಟೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ಹೊರಗೋಡೆಗೆ ತಾಗಿಸಿ ತೂಗುಹಾಕಬೇಡಿ, ಮುರಕಲ್ಲಿನ ಗೋಡೆ ನೀರು ಕುಡಿದಿರುತ್ತದೆ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿತು ಎಂದರ್ಥ, ಆಗ ಬದಲಾಯಿಸಿ. ನುಸಿಗುಳಿಗೆ (ನ್ಯಾಫ್ತಲೀನ್ ಗುಂಡು) ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನೇ ಮೆತ್ತಗೆ ಮಾಡುತ್ತದೆ.

ಕ್ಲಬ್ಬಿನವರು ಈಗ ಆ ಸಹಿಯ ಮೇಲೆ ಹೊಸ ಮಾರ್ಕರಿನಿಂದ ತಿದ್ದುವ ಯೋಚನೆಯಲ್ಲಿದ್ದಾರಂತೆ. ಕೈಮುಗಿದು ಕೇಳುತ್ತೇನೆ, ಬೇಡ. ತಿದ್ದಿದ ಮೇಲೆ ಅದು ತಿದ್ದಿದವನ ಬರಹ. ವಾರ್ನಿಶ್ ಕೆರೆಯಲೂ ಬೇಡಿ. ಇರುವ ಹಾಗೆಯೇ ಹಗಲು ಬೆಳಕಿನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಸಹಿ ಹಾಕುವಾಗ ತೆಗೆದ ಫೋಟೋ ಯಾರ ಫೋನಿನಲ್ಲಾದರೂ ಉಂಟೋ ಹುಡುಕಿ, ತಾರೀಕು, ಜಾಗ ಬರೆದು ಎರಡನ್ನೂ ಬ್ಯಾಟಿನ ಪಕ್ಕದಲ್ಲಿಡಿ.